ಕನಮಡಿ ದಾರಿಯಲ್ಲಿ ನಿಂತ ಜೀಪು

ವಿಜಯಪುರದಿಂದ ಅಥಣಿ ರಸ್ತೆ ಹಿಡಿದರೆ ಊರು ಮುಗಿಯುವ ಹೊತ್ತಿಗೆ ತೊರವಿ ಬರುತ್ತದೆ. ಅಲ್ಲಿಂದ ಮುಂದೆ ಬರೀ ಬಯಲು. ಕಣ್ಣಿಗೆ ತಡೆಯೇ ಇಲ್ಲ. ಅಲ್ಲೊಂದು ಬೇವಿನ ಮರ, ಇಲ್ಲೊಂದು ಜಾಲಿ, ಜೋಳ ಕಿತ್ತು ಬರಿದಾದ ಹೊಲ. ತಿಕೋಟಾ ದಾಟಿ ಅಥಣಿ ರಸ್ತೆ ಬಿಟ್ಟು ಗಡಿ ಕಡೆ ತಿರುಗಿದರೆ ನೋಟ ಬದಲಾಗುತ್ತದೆ. ಕಲ್ಲು ಹೆಚ್ಚು, ಮಣ್ಣು ತೆಳು, ಆದರೆ ಆ ಕಲ್ಲಿನ ನಡುವೆಯೇ ದ್ರಾಕ್ಷಿಯ ಹಸಿರು ಚಪ್ಪರಗಳು. ಹಾಗೇ ಹೋದರೆ ನಮ್ಮೂರು ಕನಮಡಿ. ಅದರಾಚೆ ಮಹಾರಾಷ್ಟ್ರದ ಜತ್ತ ತಾಲ್ಲೂಕು. ನಮ್ಮೂರ ಮಂದಿ ಲೆಕ್ಕ ಕನ್ನಡದಾಗ ಮಾಡಿ ಚೌಕಾಸಿ ಮರಾಠಿಯಾಗ ಮಾಡ್ತಾರ ಅಂತ ಅಜ್ಜಿ ನಗುತ್ತಿದ್ದಳು. ಈಗಲೂ ಅದು ಹೆಚ್ಚೇನೂ ಬದಲಾಗಿಲ್ಲ.

ಹೊರಗಿನವರು ಬಂದರೆ ಮೊದಲು ಕೇಳೋದು, "ಇಲ್ಲಿ ದ್ರಾಕ್ಷಿಗೆ ನೀರು ಎಲ್ಲಿಂದ?" ಅಂತ. ನ್ಯಾಯವಾದ ಪ್ರಶ್ನೆಯೇ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೂ ಬಂದರೆ ಬಂತು. ಬೇಸಿಗೆಯಲ್ಲಿ ಟ್ಯಾಂಕರ್ ನೀರು ತರಿಸಿ, ಬಳ್ಳಿಯ ಬುಡಕ್ಕೆ ಅಳೆದು ಹಾಕಿ ತೋಟ ಉಳಿಸಿಕೊಂಡ ವರ್ಷಗಳು ನನಗೆ ಚೆನ್ನಾಗಿ ನೆನಪಿವೆ. ಆಮೇಲೆ ತುಬಚಿ–ಬಬಲೇಶ್ವರ ಏತ ನೀರಾವರಿ ಬಂತು. ಜಮಖಂಡಿ ತಾಲ್ಲೂಕಿನ ಕಡೆಯಿಂದ ಕೃಷ್ಣೆಯನ್ನು ಎತ್ತಿ ಈ ಬಯಲಿಗೆ ತಂದರು. 2022ರ ಕೊನೆಗೆ ಗಡಿ ಗಲಾಟೆ ಜೋರಾದಾಗ ಇದೇ ನೀರು ಜತ್ತದ ತಿಕ್ಕುಂಡಿ ಕಡೆಗೂ ಹರಿದದ್ದನ್ನು ಟಿ.ವಿ.ಯಲ್ಲಿ ಎಲ್ಲರೂ ನೋಡಿದ್ದೀರಿ. ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ನೀರಿಗಾಗಿ ಇಷ್ಟು ಪಾಡು ಪಟ್ಟ ಊರಿನಲ್ಲಿ ಈ ಮಾರ್ಚ್‌ನಲ್ಲಿ ನಮಗೆ ಬೇಡದ ಜಾಗದಲ್ಲಿ ನೀರು ಸಿಕ್ಕಿತು. ಜೀಪಿನ ಡೀಸೆಲ್ ಟ್ಯಾಂಕಿನಲ್ಲಿ.

ನಮ್ಮ ಜೀಪು 1995ರದ್ದು. ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಮಾಡಿಸುತ್ತ ಬಂದಿದ್ದಾರೆ ಅಪ್ಪ. ಕಳೆದ ವರ್ಷ ನಾಲ್ಕನೇ ಸಲ. "ಮಾರಿಬಿಡ್ರಿ" ಅಂದರೆ ಅವರ ಉತ್ತರ ಒಂದೇ: "ನೀ ಹುಟ್ಟಿದ ವರ್ಷ ತಂದದ್ದು. ನಿನ್ನೂ ಮಾರಲೇನು?" ಹಿಂದೆ ಟ್ರೇಲರ್ ಕಟ್ಟಿದರೆ ನಲವತ್ತು ಕ್ರೇಟ್ ದ್ರಾಕ್ಷಿ ಎಳೆಯುತ್ತದೆ. ಹೊಸ ಗಾಡಿಯಂತೆ ಮಾತಾಡುವ ಪರದೆ, ಬೀಪ್ ಅನ್ನುವ ದೀಪ ಅದಕ್ಕಿಲ್ಲ. ನೀರು ಬಂದಿದೆ ಅಂತ ಹೇಳುವ ಸೆನ್ಸರಂತೂ ಇಲ್ಲವೇ ಇಲ್ಲ. ತನಗೆ ಏನಾಗಿದೆ ಅನ್ನೋದನ್ನು ನಿಂತೇ ಹೇಳುತ್ತದೆ.

ಮಾರ್ಚ್ ಅಂದರೆ ನಮ್ಮ ಕಡೆ ಒಣದ್ರಾಕ್ಷಿಯ ಸುಗ್ಗಿ. ಗೊಂಚಲು ಕತ್ತರಿಸಿ, ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಲ್ಲಿ ಅದ್ದಿ, ನೆರಳಿನ ರ‍್ಯಾಕಿನ ಬಲೆಗಳ ಮೇಲೆ ಹರವಬೇಕು. ಆ ದ್ರಾವಣ ಹಣ್ಣಿನ ಮೇಲಿನ ಮೇಣವನ್ನು ಸಡಿಲಿಸುತ್ತದೆ, ಒಳಗಿನ ನೀರು ಬೇಗ ಹೊರಬೀಳುತ್ತದೆ. ಎರಡು ವಾರದ ಆಚೀಚೆ ಒಣಗಿ, ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಆ ಎರಡು ವಾರ ಮೋಡ ಕಂಡರೆ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣುವುದಿಲ್ಲ. ಹನಿ ಬಿದ್ದರೆ ಬಣ್ಣ ಕಪ್ಪು, ಬೂಷ್ಟು, ದರ ಅರ್ಧ. ನಮ್ಮ ರ‍್ಯಾಕ್ ಸಾಲದೆ ಬಿಜ್ಜರಗಿ ಕಡೆಯ ಸಂಬಂಧಿಕರ ಶೆಡ್ಡಿನಲ್ಲಿ ಜಾಗ ಕೇಳಿದ್ದರು ಅಪ್ಪ. ನಾನು ಬೆಂಗಳೂರಿಂದ ಒಂದು ವಾರ ರಜೆ ಹಾಕಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತಿದ್ದೆ. ಮೊಬೈಲಿನ ಹವಾಮಾನ ಎರಡು ದಿನದಲ್ಲಿ ಮಳೆ ಅನ್ನುತ್ತಿತ್ತು.

ಹಿಂದಿನ ಸಂಜೆ ದಾರಿಯ ಪಂಪಿನಲ್ಲಿ ಹತ್ತು ಲೀಟರ್ ಡೀಸೆಲ್ ಹಾಕಿಸಿದ್ದೆವು. ಸಾಲದು ಅಂತ ರಾತ್ರಿ ಹೊಲದ ಮನೆಯ ಬ್ಯಾರಲ್‌ನಿಂದ ಇಪ್ಪತ್ತು ಲೀಟರ್ ಸೇರಿಸಿದೆವು. ಟಾರ್ಚ್ ಹಿಡಿದವರು ಅಪ್ಪ, ಹ್ಯಾಂಡ್ ಪಂಪ್ ತಿರುಗಿಸಿದವನು ನಾನು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಒಂದೂವರೆ ಕಿಲೋಮೀಟರ್ ಸುಸೂತ್ರ. ಆಮೇಲೆ ಜೀಪು ಒಮ್ಮೆ ತಡವರಿಸಿತು, ಕೆಮ್ಮಿದ ಹಾಗೆ. ಹಿಂದೆ ಬಿಳಿ ಹೊಗೆ. ಎರಡು ಸಲ ಜಗ್ಗಿ ನಿಂತೇ ಬಿಟ್ಟಿತು. ಅಪ್ಪ ಚಾವಿ ತಿರುಗಿಸಿದರು, ತಿರುಗಿಸಿದರು, ಬ್ಯಾಟರಿ ಕುಸಿಯುವ ತನಕ ತಿರುಗಿಸಿದರು. ಇದು ಮಾಡಬಾರದ ಕೆಲಸ ಅಂತ ಆಮೇಲೆ ಗೊತ್ತಾಯಿತು. ಡೀಸೆಲ್ ಎಂಜಿನ್ನಿನ ಇಂಜೆಕ್ಷನ್ ಪಂಪಿಗೆ ಬೇರೆ ಎಣ್ಣೆ ಹಾಕುವವರು ಯಾರಿಲ್ಲ. ಅದರೊಳಗೆ ಹರಿಯುವ ಡೀಸೆಲ್ಲೇ ಅದಕ್ಕೆ ಜಿಡ್ಡು. ಕೂದಲೆಳೆಗಿಂತ ಎಷ್ಟೋ ಪಟ್ಟು ಸಣ್ಣ ಸಂದಿನಲ್ಲಿ ಓಡಾಡುವ ಉಕ್ಕಿನ ಕಡ್ಡಿಗಳಿಗೆ ಡೀಸೆಲ್ ಬದಲು ನೀರು ಸಿಕ್ಕರೆ ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುತ್ತದೆ. ಒಂದೊಂದು ಸಲ ಚಾವಿ ತಿರುಗಿಸಿದಾಗಲೂ ನಾವೇ ಇನ್ನಷ್ಟು ನೀರನ್ನು ಒಳಗೆ ನೂಕುತ್ತಿದ್ದೆವು.

ನಾನು ಫಿಲ್ಟರ್ ತಳದ ಸ್ಕ್ರೂ ಬಿಚ್ಚಿ ಖಾಲಿ ನೀರಿನ ಬಾಟಲಿ ಹಿಡಿದೆ. ಮೇಲೆ ಹೊಂಬಣ್ಣದ ಡೀಸೆಲ್, ಕೆಳಗೆ ಮೂರು ಬೆರಳು ನೀರು. ನಡುವೆ ಗೆರೆ ಎಳೆದಷ್ಟು ಸ್ಪಷ್ಟ.

"ಪಂಪಿನಾಂವ ನೀರ ಕಲಿಸ್ಯಾನ!" ಅಂದರು ಅಪ್ಪ.

ನನಗೂ ಅದೇ ಅನ್ನಿಸಿತು. 2025ರ ಜೂನ್‌ನಲ್ಲಿ ಮಧ್ಯಪ್ರದೇಶದ ರತ್ಲಾಮ್ ಹತ್ತಿರ ಮುಖ್ಯಮಂತ್ರಿಯ ಬೆಂಗಾವಲಿನ 19 ಗಾಡಿಗಳು ಡೀಸೆಲ್ ತುಂಬಿಸಿಕೊಂಡ ಮೇಲೆ ಸಾಲಾಗಿ ನಿಂತ ಸುದ್ದಿ ತಲೆಯಲ್ಲಿತ್ತು. ಡೀಸೆಲ್ಲಿನಲ್ಲಿ ನೀರಿತ್ತು ಅಂತ ಪಂಪನ್ನೇ ಮುಚ್ಚಿಸಿದ್ದರು. ಮುಖ್ಯಮಂತ್ರಿಗೇ ಹಾಗೆ ಮಾಡಿದವರು ನಮ್ಮನ್ನು ಬಿಡುತ್ತಾರೆಯೇ? ಅಪ್ಪ ಆ ಪಂಪಿನ ಮಾಲೀಕರಿಗೆ ಫೋನ್ ಹಚ್ಚಿ, ರಸ್ತೆಯಲ್ಲಿ ಕೂಡಿದ ಹತ್ತು ಮಂದಿಯ ಎದುರು ಬಾಯಿಗೆ ಬಂದದ್ದು ಬೈದರು. ಅವರು ಅಪ್ಪನಿಗೆ ಮೂವತ್ತು ವರ್ಷದ ಗೆಳೆಯರು. ಆ ಕಡೆಯಿಂದ ಕೇಳಿದ್ದು ಒಂದೇ ಮಾತು: "ಬಂದ್ ನೋಡ್ರಲ್ಲಾ."

ನಾನು ಬಾಟಲಿಯ ವಿಡಿಯೋ ಮಾಡಿದೆ. ಬೆಳಕಿಗೆ ಹಿಡಿದು, ನಡುವಿನ ಗೆರೆ ಕಾಣುವ ಹಾಗೆ. ಪಂಪ್ ಎಲ್ಲಿಯದು ಅಂತ ಹೇಳಿ, "ಯಾರೂ ಇಲ್ಲಿ ಹಾಕಿಸಬ್ಯಾಡ್ರಿ" ಅಂತ ಸೇರಿಸಿ, ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಬಿಟ್ಟೆ. ಆಗ ಎಂಟು ಗಂಟೆ ಇದ್ದೀತು.

ಕ್ರೇಟುಗಳು ಬಿಸಿಲಲ್ಲಿ ಕೂತವು. ಬಾಜು ಹೊಲದವರ ಟ್ರ್ಯಾಕ್ಟರ್ ಸಿಕ್ಕಾಗ ಹನ್ನೊಂದಾಗಿತ್ತು. ಶೆಡ್ಡಿನಲ್ಲಿ ಕಾಯುತ್ತಿದ್ದ ಕೂಲಿಯವರಿಗೆ ಅರ್ಧ ದಿನ ಹೋಯಿತು. ಅಷ್ಟರಲ್ಲಿ ನನ್ನ ವಿಡಿಯೋ ಜತ್ತ ಮುಟ್ಟಿತ್ತು.

ಮಿಸ್ತ್ರಿ ಮಧ್ಯಾಹ್ನ ಬೈಕಿನ ಮೇಲೆ ಬಂದರು. ಅಪ್ಪನ ವಯಸ್ಸಿನವರು. ಬಾನೆಟ್ ಎತ್ತುವ ಮೊದಲೇ ಒಂದು ಪ್ರಶ್ನೆ ಕೇಳಿದರು: "ನಿನ್ನಿ ಸಂಜೀಕ ಅದ ಪಂಪಿನಾಗ ಎಷ್ಟ್ ಮಂದಿ ಹಾಕಿಸ್ಯಾರ? ಮತ್ತ ಎಷ್ಟ್ ಗಾಡಿ ನಿಂತಾವ?"

ನಾನು ಸಾಫ್ಟ್‌ವೇರ್ ಎಂಜಿನಿಯರ್. ಎಂಟು ವರ್ಷದಿಂದ ನನ್ನ ಹೊಟ್ಟೆಪಾಡೇ ಇದು: ಏನಾದರೂ ಕೆಟ್ಟರೆ ಮೊದಲು ಕೇಳಬೇಕಾದದ್ದು 'ಎಲ್ಲರಿಗೂ ಹಿಂಗಾಗಿದೆಯಾ, ನಮಗೊಬ್ಬರಿಗೇನಾ' ಅಂತ. ಆಫೀಸಿನಲ್ಲಿ ಹೊಸ ಹುಡುಗರಿಗೆ ಇದನ್ನು ಹೇಳಿಕೊಡುವವನೂ ನಾನೇ. ಆ ಬೆಳಿಗ್ಗೆ ನನಗೆ ಆ ಪ್ರಶ್ನೆ ಹೊಳೆಯಲೇ ಇಲ್ಲ. ಬೇರೆ ಯಾವ ಗಾಡಿಯೂ ನಿಂತಿರಲಿಲ್ಲ.

ಟ್ಯಾಂಕಿನ ತಳದ ಬೋಲ್ಟ್ ಬಿಚ್ಚಿ ಬಕೆಟ್ ಇಟ್ಟೆವು. ಮೊದಲು ಬಂದದ್ದು ನೀರೇ. ನಾಲ್ಕು ಲೀಟರ್ ದಾಟಿತು. ಕಂದು ಬಣ್ಣ, ತುಕ್ಕಿನ ಪುಡಿ. ಜೊತೆಗೆ ಕಪ್ಪು ಲೋಳೆಯಂಥದ್ದು, ಹತ್ತಿಯ ಎಳೆ ಕೊಳೆತ ಹಾಗೆ. ಮಿಸ್ತ್ರಿ ಅದನ್ನು ಬೆರಳಲ್ಲಿ ಎತ್ತಿ, ಮೂಸಿ, ಅಪ್ಪನ ಮುಖ ನೋಡಿದರು.

"ಇದು ನಿನ್ನಿ ನೀರಲ್ಲ. ಭಾಳ ದಿನದ ನೀರು. ಡೀಸೆಲ್ ಎಲ್ಲಿ ಇಟ್ಟಿದ್ರಿ?"

ಆ ಲೋಳೆ ಒಂದು ಜೀವಿ. ಡೀಸೆಲ್ಲೂ ನೀರೂ ಸೇರುವ ಗೆರೆಯಲ್ಲೇ ಅದರ ಸಂಸಾರ. ನೀರಲ್ಲಿ ಬದುಕಿ ಡೀಸೆಲ್ ತಿನ್ನುತ್ತದೆ. ಇಂಥವುಗಳಲ್ಲಿ ಹೆಸರುವಾಸಿಯಾದದ್ದು ಹಾರ್ಮೋಕೋನಿಸ್ ರೆಸಿನೆ ಅನ್ನುವ ಬೂಷ್ಟು. ವಿಮಾನದ ಟ್ಯಾಂಕುಗಳನ್ನೂ ಕಾಡಿದೆ. ಒಂದು ರಾತ್ರಿಯಲ್ಲಿ ಬೆಳೆಯುವಂಥದ್ದಲ್ಲ, ವಾರಗಟ್ಟಲೆ ಬೇಕು. ಹಿಂದಿನ ಸಂಜೆ ಪಂಪಿನಿಂದ ಬಂದ ಹತ್ತು ಲೀಟರಿನಲ್ಲಿ ಅದು ಇರೋದು ಸಾಧ್ಯವೇ ಇರಲಿಲ್ಲ.

ಬ್ಯಾರಲ್ ನಮ್ಮ ಹೊಲದ ಮನೆಯ ಹಿಂದೆ, ಬೇವಿನ ಮರದ ಕೆಳಗೆ ನಿಂತಿದೆ. 200 ಲೀಟರಿನದು. ಸ್ಪ್ರೇ ಮಾಡುವ ಟ್ರ್ಯಾಕ್ಟರಿಗೆ ಆಗಾಗ ಬೇಕು ಅಂತ ವರ್ಷಗಳಿಂದ ಇಟ್ಟದ್ದು. ಸಂಜೆ ಮೂವರೂ ಅಲ್ಲಿ ಹೋದೆವು. ಮಿಸ್ತ್ರಿ ಒಂದು ಪಾರದರ್ಶಕ ನಳಿಕೆ ತಗೊಂಡು ಬಾಯಿ ತೆರೆದಿಟ್ಟು ನಿಧಾನವಾಗಿ ತಳ ಮುಟ್ಟುವ ತನಕ ಇಳಿಸಿದರು, ಮೇಲಿನ ತುದಿಗೆ ಹೆಬ್ಬೆರಳು ಒತ್ತಿ ಮೇಲೆತ್ತಿದರು. ಎಳನೀರು ಕುಡಿಯುವಾಗ ಮಕ್ಕಳು ಸ್ಟ್ರಾದಲ್ಲಿ ಮಾಡುವ ಆಟ. ಬ್ಯಾರಲ್ಲಿನ ಒಳಗಿನದೆಲ್ಲ ನಳಿಕೆಯಲ್ಲಿ ಪದರ ಪದರವಾಗಿ ಬಂತು: ಮೇಲೆ ಡೀಸೆಲ್, ನಡುವೆ ಆ ಕಪ್ಪು ಎಳೆ, ಕೆಳಗೆ ಇನ್ನೂ ಎರಡು ಬೆರಳು ನೀರು.

ಅಪ್ಪ ಏನೂ ಅನ್ನಲಿಲ್ಲ. ಗೋಡೆಗೆ ಒರಗಿಸಿಟ್ಟಿದ್ದ ತಮ್ಮ ಹಳೆಯ ಪೈಪು ತಂದು ನನ್ನ ಮುಂದೆ ಹಿಡಿದರು. ಸಾದಾ ರಬ್ಬರ್ ಪೈಪು, ಒಂದು ಕೋಲಿಗೆ ಕಟ್ಟಿದ್ದು. ಕೋಲು ತಳ ಮುಟ್ಟಿದರೂ ಪೈಪಿನ ಬಾಯಿ ನಾಲ್ಕು ಬೆರಳು ಮೇಲೇ ನಿಲ್ಲುವ ಹಾಗೆ ಕಟ್ಟಿತ್ತು. ಚಿಕ್ಕಂದಿನಲ್ಲಿ ನಾನು ಇದನ್ನು ನೂರು ಸಲ ನೋಡಿದ್ದೇನೆ. "ತಳದ್ದು ತಳಕ್ಕ ಇರ್ಲಿ" ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಆ ತಳದ್ದನ್ನು ಬೇರೆ ಡಬ್ಬಿಗೆ ಸುರಿದು, ಪಾನಾ ತೊಳೆಯಲು, ಕಂಬದ ಬುಡಕ್ಕೆ ಗೆದ್ದಲು ಹತ್ತದಂತೆ ಸವರಲು ಇಡುತ್ತಿದ್ದರು. ಯಾಕೆ ಬಿಡಬೇಕು ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಕ್ರಾಂತಿಗೆ ಬಂದಾಗ, ಬಾಯಿಂದ ಡೀಸೆಲ್ ಎಳೆಯೋದು ಆರೋಗ್ಯಕ್ಕೆ ಕೆಟ್ಟದ್ದು ಅಂತ ನಾನು ತಿರುಗಿಸುವ ಹ್ಯಾಂಡ್ ಪಂಪ್ ತಂದುಕೊಟ್ಟೆ. ಅದು ಕೆಟ್ಟದ್ದು ಹೌದು. ಆ ಮಾತನ್ನು ಈಗಲೂ ಹಿಂದೆ ತಗೊಳ್ಳುವುದಿಲ್ಲ. ಆದರೆ ಪಂಪಿನ ಜೊತೆ ಬಂದ ಪೈಪಿನ ತುಂಡುಗಳನ್ನೆಲ್ಲ ಜೋಡಿಸಿ, 'ಒಂದು ಹನಿಯೂ ಹಾಳಾಗಬಾರದು' ಅಂತ ತಳ ಮುಟ್ಟಿಸಿದವನು ನಾನು. ಅಲ್ಲಿಂದ ಮಾರ್ಚ್ ತನಕ ಆ ಪಂಪ್ ಯಾರೂ ಮುಟ್ಟಿರಲಿಲ್ಲ. ಮೊದಲ ಸಲ ತಿರುಗಿಸಿದಾಗ ಮೊದಲು ಬಂದದ್ದು ತಳದ ನೀರು, ನೆಟ್ಟಗೆ ಜೀಪಿನ ಟ್ಯಾಂಕಿಗೆ.

ಆ ನೀರು ಬ್ಯಾರಲ್ ಒಳಗೆ ಹೋದದ್ದು ಹೇಗೆ? ಎಲ್ಲರೂ ಹೇಳೋದು 'ಇಬ್ಬನಿ' ಅಂತ. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಣ್ಣಗಾಗಿ ಹನಿಗಟ್ಟುತ್ತದೆ ಅಂತ. ಸುಳ್ಳಲ್ಲ, ಆದರೆ ಲೆಕ್ಕ ಹಾಕಿ ನೋಡಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿ ತನ್ನ ಕೈಲಾದಷ್ಟು ತೇವ ಹೀರಿಕೊಂಡರೂ ಒಂದು ಘನ ಮೀಟರಿಗೆ ಸುಮಾರು 30 ಗ್ರಾಂ ನೀರು. ನಮ್ಮ ಬ್ಯಾರಲ್ಲಿನ 150 ಲೀಟರ್ ಖಾಲಿ ಜಾಗಕ್ಕೆ ಅದು ನಾಲ್ಕೂವರೆ ಗ್ರಾಂ, ಒಂದು ಚಮಚೆಯೂ ತುಂಬಲ್ಲ. ವಿಜಯಪುರದ ಒಣ ಗಾಳಿಯಲ್ಲಂತೂ ಇನ್ನೂ ಕಡಿಮೆ. ಲೀಟರುಗಟ್ಟಲೆ ನೀರಿಗೆ ಇಬ್ಬನಿ ಸಾಲದು.

ಕಳ್ಳ ಬೇರೆ ಇದ್ದ. ನಿಲ್ಲಿಸಿದ ಬ್ಯಾರಲ್ಲಿನ ಮೇಲ್ಭಾಗ ನೋಡಿದ್ದೀರಲ್ಲ, ಸುತ್ತ ಅಂಚು ಎದ್ದು ತಟ್ಟೆಯ ಹಾಗಿರುತ್ತದೆ. ಮಳೆ ಬಂದರೆ ಆ ತಟ್ಟೆಯಲ್ಲಿ ನಾಲ್ಕೈದು ಲೀಟರ್ ನೀರು ನಿಲ್ಲುತ್ತದೆ, ಬಿರಡೆ ಅದರಲ್ಲಿ ಮುಳುಗಿರುತ್ತದೆ. ಹಗಲು ಬಿಸಿಲಿಗೆ ಒಳಗಿನ ಗಾಳಿ ಹಿಗ್ಗಿ ಬಿರಡೆಯ ಸಂದಿಯಿಂದ ಗುಳುಗುಳು ಅಂತ ಹೊರಗೆ ಹೋಗುತ್ತದೆ. ಸಂಜೆ ತಂಪಾದರೆ ಒಳಗಿನ ಗಾಳಿ ಕುಗ್ಗಿ ಉಸಿರೆಳೆದುಕೊಳ್ಳುತ್ತದೆ. ಆಗ ಬಿರಡೆಯ ಮೇಲೆ ಇರುವುದು ಗಾಳಿಯಲ್ಲ, ನೀರು. 20 ಡಿಗ್ರಿ ಇಳಿದರೆ 150 ಲೀಟರ್ ಗಾಳಿ ಕುಗ್ಗುವುದು ಹತ್ತಿರ ಹತ್ತಿರ 10 ಲೀಟರ್. ಬಿರಡೆ ಸಡಿಲಿದ್ದರೆ ತಟ್ಟೆಯ ನೀರಿನಲ್ಲಿ ಎಷ್ಟು ಒಳಗೆ ಹೋಗಬಹುದು ನೀವೇ ಊಹಿಸಿ. ಮುಂಗಾರಿನಿಂದ ಹಿಂಗಾರಿನ ತನಕ ನಮ್ಮ ಬ್ಯಾರಲ್ ಹೀಗೆ ಉಸಿರಾಡುತ್ತ ನೀರು ಕುಡಿದಿದೆ. ಎಣ್ಣೆ ವ್ಯಾಪಾರದವರಿಗೆ ಇದು ಹಳೆಯ ವಿಷಯ. ಬಯಲಲ್ಲಿ ಇಡಲೇಬೇಕಾದರೆ ಬ್ಯಾರಲ್ಲನ್ನು ಅಡ್ಡ ಮಲಗಿಸಿ, ಎರಡೂ ಬಿರಡೆ ಒಂದೇ ಮಟ್ಟದಲ್ಲಿ ಅಕ್ಕಪಕ್ಕ ಬರುವಂತೆ ಇಡಿ ಅನ್ನುತ್ತಾರೆ. ನಿಲ್ಲಿಸಲೇಬೇಕಾದರೆ ಒಂದು ಕಡೆ ಕಲ್ಲು ಕೊಟ್ಟು ಓರೆ ಮಾಡಿ, ನೀರು ಬಿರಡೆಯ ಹತ್ತಿರ ನಿಲ್ಲದ ಹಾಗೆ.

ಆ ರಾತ್ರಿ ನಾನು ಗುಂಪಿನಿಂದ ವಿಡಿಯೋ ಅಳಿಸಲು ಹೋದೆ. ನಮ್ಮ ಗುಂಪಿನಿಂದ ಅಳಿಸಿತು. ಅಷ್ಟೇ.

ಮರುದಿನ ಬೆಳಿಗ್ಗೆ ಅಪ್ಪ ಬಿಳಿ ಅಂಗಿ ಹಾಕಿಕೊಂಡರು. ಮದುವೆಗೆ, ಮಣ್ಣಿಗೆ ಮಾತ್ರ ಹಾಕುವ ಅಂಗಿ ಅದು. ಬೈಕಿನಲ್ಲಿ ನಾನು ಮುಂದೆ, ಅವರು ಹಿಂದೆ. ದಾರಿಯುದ್ದಕ್ಕೂ ಮಾತಿಲ್ಲ. ಪಂಪಿನಲ್ಲಿ ಆ ಹೊತ್ತಿಗೆ ಸಾಲು ಇರಬೇಕಿತ್ತು, ಸುಗ್ಗಿಯ ದಿನ. ಎರಡೇ ಬೈಕು ನಿಂತಿದ್ದವು.

ಅಪ್ಪ "ತಪ್ಪಾತು" ಅಂದರು. ಅಷ್ಟೇ ಅಂದರು. ಮಾಲೀಕರು ಕುರ್ಚಿ ಎಳೆದು ಕೊಟ್ಟರು, ಚಹಾ ಹೇಳಿದರು. ನನ್ನ ಕಡೆ ತಿರುಗಿ, "ನೀ ಎಂಜಿನಿಯರ್ ಅದಿ. ನೋಡ್ ಬಾ" ಅಂತ ಎದ್ದರು. ನೆಲದಡಿಯ ಟ್ಯಾಂಕಿನ ಅಳತೆ ಕೋಲಿನ ತುದಿಗೆ ಹಲ್ಲುಜ್ಜುವ ಪೇಸ್ಟಿನಂಥದ್ದು ಸವರಿ ಇಳಿಸಿದರು. ನೀರು ತಾಗಿದರೆ ಆ ಪೇಸ್ಟಿನ ಬಣ್ಣ ಬದಲಾಗುತ್ತದೆ, ಡೀಸೆಲ್ಲಿಗೆ ಆಗುವುದಿಲ್ಲ. ಬದಲಾಗಿರಲಿಲ್ಲ. ಹಿಂದಿನ ದಿನ ಹೀಗೇ ಮೂರು ಸಲ ಬಂದವರ ಎದುರು ಇಳಿಸಿ ತೋರಿಸಿದ್ದರಂತೆ. ಆಮೇಲೆ ಗಾಜಿನ ಜಾಡಿಯಲ್ಲಿ ಡೀಸೆಲ್ ಹಿಡಿದು ಹೈಡ್ರೋಮೀಟರ್ ತೇಲಿಬಿಟ್ಟು, ಉಷ್ಣಾಂಶ ನೋಡಿ, ಕೋಷ್ಟಕದಲ್ಲಿ 15 ಡಿಗ್ರಿಗೆ ಹೊಂದಿಸಿ ಸಾಂದ್ರತೆ ಬರೆದುಕೊಂಡರು. ನೀರಿಗೆ 1 ಅಂದರೆ ಡೀಸೆಲ್ಲಿಗೆ 0.82, 0.84ರ ಆಸುಪಾಸು. ಈ ವ್ಯತ್ಯಾಸಕ್ಕೇ ನೀರು ತಳಕ್ಕೆ ಹೋಗಿ ಕೂರುವುದು. ಗಿರಾಕಿ ಕೇಳಿದರೆ ಸಾಂದ್ರತೆ ತೋರಿಸಬೇಕು, ಐದು ಲೀಟರ್ ಅಳತೆ ಪಾತ್ರೆಯಲ್ಲಿ ಅಳೆದು ತೋರಿಸಬೇಕು, ಪೆಟ್ರೋಲಿಗೆ ಫಿಲ್ಟರ್ ಪೇಪರ್ ಪರೀಕ್ಷೆ ಮಾಡಿ ತೋರಿಸಬೇಕು. ಇದು ನಿಯಮ. "ಇಷ್ಟ್ ವರ್ಷದಾಗ ಯಾರೂ ಕೇಳಿಲ್ಲ ನೋಡು. ನಿನ್ನಿ ಒಂದ ದಿನ ಎಲ್ಲಾರೂ ಕೇಳಿದ್ರು" ಅಂದರು. ನಕ್ಕರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ನಾನು ಅಲ್ಲೇ ನಿಂತು ಎರಡನೇ ವಿಡಿಯೋ ಮಾಡಿದೆ. ನೀರು ನಮ್ಮ ಬ್ಯಾರಲ್ಲಿನದು, ತಪ್ಪು ನನ್ನದು, ಈ ಪಂಪಿನದಲ್ಲ ಅಂತ ನನ್ನ ಮುಖ ತೋರಿಸಿ ಹೇಳಿದೆ. ಗುಂಪಿನಲ್ಲಿ ನಾಲ್ಕೈದು ಹೆಬ್ಬೆರಳು ಬಂದವು. ಮೊದಲನೆಯ ವಿಡಿಯೋವನ್ನು ಬೆಂಗಳೂರಿನ ನನ್ನ ಪಿ.ಜಿ.ಯ ಗೆಳೆಯನೊಬ್ಬ ಮೂರು ದಿನದ ಮೇಲೆ ನನಗೇ ಕಳಿಸಿದ, "ನಿಮ್ಮ ಕಡೆಯದಂತೆ ನೋಡೋ" ಅಂತ. ಎರಡನೆಯದನ್ನು ಈವರೆಗೆ ಯಾರೂ ನನಗೆ ಕಳಿಸಿಲ್ಲ.

ಜೀಪಿನ ಕೆಲಸ ಎರಡು ದಿನ ಹಿಡಿಯಿತು. ಹಳೆಯ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬರಬಹುದು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟ್ಯಾಂಕನ್ನು ಪೂರ್ತಿ ಕೆಳಗಿಳಿಸಿದೆವು. ತಳದ ಬೋಲ್ಟ್ ಬಿಚ್ಚಿದರೆ ಎಲ್ಲ ನೀರೂ ಬರೋದಿಲ್ಲ. ಮೂಲೆಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಒಳಗೆ ಸಣ್ಣ ಸರಪಳಿಯ ತುಂಡು ಮತ್ತು ಎರಡು ಲೀಟರ್ ಸ್ವಚ್ಛ ಡೀಸೆಲ್ ಹಾಕಿ, ಇಬ್ಬರು ಹಿಡಿದು ತೊಟ್ಟಿಲು ತೂಗಿದ ಹಾಗೆ ತೂಗಿದೆವು. ಮೊದಲ ಸಲ ಬಂದದ್ದು ಕಾಫಿಯ ಬಣ್ಣ, ನಾಲ್ಕನೇ ಸಲಕ್ಕೆ ತಿಳಿ. ಎರಡೂ ಫಿಲ್ಟರ್ ಹೊಸವು ಹಾಕಿದೆವು. ನೀರು ಕುಡಿದ ಪೇಪರ್ ಫಿಲ್ಟರ್ ಒಣಗಿದರೂ ಮತ್ತೆ ಬಳಸಬಾರದು. ಪೈಪುಗಳಿಗೆ ಗಾಳಿ ಊದಿ ಒಳಗಿನದನ್ನು ಹೊರಗೆ ಹಾಕಿದೆವು. ಕೊನೆಗೆ ಗಾಳಿ ತೆಗೆಯುವ ಕೆಲಸ: ಫಿಲ್ಟರ್ ತಲೆಯ ಸ್ಕ್ರೂ ಸಡಿಲಿಸಿ ಕೈ ಪಂಪ್ ಒತ್ತುತ್ತ ಹೋಗೋದು, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ, ಆಮೇಲೆ ಇಂಜೆಕ್ಷನ್ ಪಂಪಿನ ಸ್ಕ್ರೂ, ಆಮೇಲೆ ನಾಜಲ್ಲಿನ ನಟ್ಟುಗಳು. ನಾಲ್ಕು ನಾಜಲ್ಲುಗಳಲ್ಲಿ ಒಂದು ತುಕ್ಕು ಹಿಡಿದು ಹೋಗಿತ್ತು. ಇಂಜೆಕ್ಷನ್ ಪಂಪ್ ಉಳಿಯಿತು, ಅದು ನಮ್ಮ ಪುಣ್ಯ.

ರಸ್ತೆಯಲ್ಲಿ ಕೂಡಿದವರಲ್ಲಿ ಒಬ್ಬರು "ಸ್ಪಿರಿಟ್ ಸುರೀರಿ, ನೀರ ಹೀರಕೊಂಡ ಹೋಕ್ಕೈತಿ" ಅಂದಿದ್ದರು. ಡೀಸೆಲ್ಲಿಗೆ ಈ ಕೆಲಸ ಮಾಡಬೇಡಿ. ತಳದಲ್ಲಿ ಸುಮ್ಮನೆ ಕೂತ ನೀರನ್ನು ಎಬ್ಬಿಸಿ ಫಿಲ್ಟರ್ ದಾಟಿಸಿ ನಾಜಲ್ಲಿಗೆ ಮುಟ್ಟಿಸಿದಂತಾಗುತ್ತದೆ. ಪೆಟ್ರೋಲಿನ ಕಥೆಯೇ ಬೇರೆ. ಈಗ ಬರುವ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥೆನಾಲ್ ಇದೆ, ಅದು ಸ್ವಲ್ಪ ನೀರನ್ನು ತಾನೇ ಕರಗಿಸಿಕೊಂಡು ಒಯ್ಯುತ್ತದೆ. ಮಿತಿ ಮೀರಿದರೆ ಮಾತ್ರ ಎಥೆನಾಲೂ ನೀರೂ ಒಟ್ಟಿಗೆ ಪೆಟ್ರೋಲ್ ಬಿಟ್ಟು ತಳಕ್ಕೆ ಇಳಿಯುತ್ತವೆ. ಆಮೇಲೆ ಕುಲುಕಿದರೂ ಕೂಡುವುದಿಲ್ಲ. ಬಾಜು ಮನೆಯವರ ಹಳೆಯ ಸ್ಕೂಟರ್ ಮಳೆಗಾಲವೆಲ್ಲ ಅಂಗಳದಲ್ಲಿ ನಿಂತು ಹೀಗೇ ಆಗಿತ್ತು. ಪೂರ್ತಿ ಖಾಲಿ ಮಾಡಿ ತೊಳೆಯೋದೊಂದೇ ದಾರಿ.

ಬಕೆಟ್ಟಿನ ನೀರು–ಡೀಸೆಲ್ಲನ್ನು ಬಿಳಿ ಕ್ಯಾನುಗಳಲ್ಲಿ ಎರಡು ದಿನ ಅಲುಗಾಡಿಸದೆ ಇಟ್ಟೆವು. ದೊಡ್ಡ ಹನಿ ನಿಮಿಷಗಳಲ್ಲಿ ಇಳಿಯುತ್ತದೆ, ಮಂಜಿನಂಥ ಸಣ್ಣ ಹನಿಗೆ ದಿನ ಬೇಕು. ಮೇಲಿನ ತಿಳಿಯನ್ನು ಬಟ್ಟೆಯಲ್ಲಿ ಸೋಸಿ ಟ್ರ್ಯಾಕ್ಟರಿಗೆ. ಅದರಲ್ಲಿ ಗಾಜಿನ ಬಟ್ಟಲಿನ ಸೆಡಿಮೆಂಟರ್ ಇದೆ. ನೀರು ಬಂದರೆ ಮೊದಲು ಕಣ್ಣಿಗೆ ಕಾಣುತ್ತದೆ. ತಳದ್ದನ್ನು ಹೊಲಕ್ಕೆ ಚೆಲ್ಲಲು ಹೋದೆ. ಅಪ್ಪ ಕೈ ಹಿಡಿದರು. ಬಳ್ಳಿಯ ಬುಡಕ್ಕೆ ಬಿದ್ದ ಎಣ್ಣೆ ಎಲ್ಲಿಗೂ ಹೋಗುವುದಿಲ್ಲ.

ವಾಪಸ್ ಬರುವಾಗ ರೈಲಿಗೆ ಹೊತ್ತಿತ್ತು, ವಿಜಯಪುರದಲ್ಲಿ ಸುಮ್ಮನೆ ಅಡ್ಡಾಡಿದೆ. ಊರಲ್ಲಿ ಅಲ್ಲಲ್ಲಿ ಚೌಕಾಕಾರದ ಕಲ್ಲಿನ ಹಳೆಯ ಗೋಪುರಗಳಿವೆ, ಗಂಜ್ ಅನ್ನುತ್ತಾರೆ. ಎಷ್ಟೋ ಸಲ ಅವುಗಳ ಪಕ್ಕ ಹಾದಿದ್ದೇನೆ, ತಲೆ ಎತ್ತಿ ನೋಡಿರಲಿಲ್ಲ. ಆದಿಲ್‌ಶಾಹಿಗಳ ಕಾಲದಲ್ಲಿ ತೊರವಿಯಿಂದ, ಆಮೇಲೆ 1651ರಲ್ಲಿ ಕಟ್ಟಿದ ಬೇಗಂ ತಲಾಬ್‌ನಿಂದ ನೆಲದಡಿ ನೀರು ತರುತ್ತಿದ್ದರು. ದಾರಿಯಲ್ಲಿ ನೀರು ಈ ಗೋಪುರ ಹತ್ತಿ ಇಳಿದು ಮುಂದೆ ಹೋಗುತ್ತಿತ್ತು. ಕೊಳವೆ ಒಡೆಯದಂತೆ ಒತ್ತಡ ಇಳಿಸುವುದು ಒಂದು ಕೆಲಸ. ಇನ್ನೊಂದು, ಹೂಳನ್ನು ತಳದಲ್ಲಿ ನಿಲ್ಲಿಸಿ ಮೇಲಿನ ತಿಳಿಯನ್ನು ಮಾತ್ರ ಮುಂದೆ ಬಿಡುವುದು. ಟ್ರ್ಯಾಕ್ಟರಿನ ಗಾಜಿನ ಬಟ್ಟಲು ಮಾಡುವುದೂ ಅದನ್ನೇ, ಅಪ್ಪನ ಕೋಲಿಗೆ ಕಟ್ಟಿದ ಪೈಪು ಮಾಡುತ್ತಿದ್ದುದೂ ಅದನ್ನೇ.

ಮಳೆ ಬರಲಿಲ್ಲ, ನಾಲ್ಕು ಹನಿ ಉದುರಿಸಿ ಮೋಡ ಜತ್ತದ ಕಡೆ ಹೋಯಿತು. ಬಿಸಿಲಲ್ಲಿ ಕೂತ ನಲವತ್ತು ಕ್ರೇಟಿನ ಮಾಲು ಮಾತ್ರ ಬಣ್ಣ ಕೆಟ್ಟು ಎರಡನೇ ದರ್ಜೆಗೆ ಹೋಯಿತು. ಅದರಲ್ಲೇ ಎರಡು ಕಿಲೋ ಕಟ್ಟಿಕೊಂಡು ಅಪ್ಪ ಪಂಪಿಗೆ ಹೋಗಿ ಬಂದರಂತೆ. "ಬಣ್ಣ ಕೆಟ್ಟದ್ದ ಒಯ್ದೆಪ, ಛಲೋದು ಒಯ್ದ್ರ ಲಂಚ ಅಂದಾರು" ಅಂದರು ಫೋನಿನಲ್ಲಿ.

ಬ್ಯಾರಲ್ ಈಗ ತಗಡಿನ ನೆರಳಿನ ಕೆಳಗೆ ಬಂದಿದೆ, ಒಂದು ಕಡೆ ಕಲ್ಲು ಕೊಟ್ಟು ಓರೆಯಾಗಿ ನಿಂತಿದೆ. ನಾನು ತಂದ ಹ್ಯಾಂಡ್ ಪಂಪನ್ನು ಅಪ್ಪ ಬಿಸಾಡಲಿಲ್ಲ. ಮೊನ್ನೆ ಕಳಿಸಿದ ಫೋಟೋದಲ್ಲಿ ಅದು ಬ್ಯಾರಲ್ ಮೇಲೇ ಇತ್ತು, ಪಕ್ಕದಲ್ಲಿ ಕಬ್ಬಿಣ ಕೊಯ್ಯುವ ಗರಗಸ. ಅದರ ಹತ್ತಿರ, ನೆಲದ ಮೇಲೆ, ಪೈಪಿನ ಒಂದು ತುಂಡು. ಅಳತೆ ಗೊತ್ತಾಗಲಿ ಅಂತ ಅಪ್ಪ ಅದರ ಪಕ್ಕ ತಮ್ಮ ನಾಲ್ಕು ಬೆರಳು ಇಟ್ಟು ಫೋಟೋ ತೆಗೆದಿದ್ದರು.